ಗುಡ್ಡಯ್ಯನ ಮೆಟ್ಟು

"ಗುರುಗಳೇ, ಗುಡ್ಡಯ್ಯ ಎಂಬ ಹೆಸರಿನ ಶರಣರು ಇಬ್ಬರಿದ್ದರಂತೆ. ಒಬ್ಬರು ಹುಲಿ ಏರಿ ಬಂದವರಂತೆ, ಇನ್ನೊಬ್ಬರು ಅವರ ಗದ್ದುಗೆಯ ಕಸ ಗುಡಿಸಿದವರಂತೆ. ಇಬ್ಬರಲ್ಲಿ ನಿಜವಾದವರು ಯಾರು?" ಎಂದು ಶಿಷ್ಯ ಕೇಳಿದ.

"ಹುಲಿ ಏರಿದವರ ಕತೆ ಎಲ್ಲರಿಗೂ ಬಾಯಿಪಾಠ. ಇನ್ನೊಬ್ಬರದನ್ನು ಹೇಳುತ್ತೇನೆ, ಕೇಳು" ಎಂದು ಗುರುಗಳು ಶುರುಮಾಡಿದರು.

ಒಂದು ಊರಿನ ಗುಡ್ಡದ ಮೇಲೆ ಹುಲಿ ಏರಿದ ಗುಡ್ಡಯ್ಯನ ಗದ್ದುಗೆ ಇತ್ತು. ಅವನು ಸತ್ತು ನೂರಾರು ವರ್ಷವಾಗಿತ್ತು. ಹುಟ್ಟಿದ್ದನೋ ಇಲ್ಲವೋ, ಅದನ್ನು ಬಲ್ಲವರೂ ಇರಲಿಲ್ಲ. ಆದರೂ ಅವನು ಇನ್ನೂ ಯಾರ ಕಣ್ಣಿಗೂ ಬೀಳದೆ ಸೀಮೆಯೆಲ್ಲ ತಿರುಗುತ್ತಾನೆಂದು ಜನ ನಂಬಿದ್ದರು. ತಿರುಗುವವನ ಕಾಲಿಗೆ ಮುಳ್ಳು ಚುಚ್ಚಬಾರದಲ್ಲ! ಅದಕ್ಕೇ ವರ್ಷಕ್ಕೊಮ್ಮೆ ಹೊಸ ಮೆಟ್ಟು ಹೊಲಿಸಿ ಗದ್ದುಗೆಯ ಮುಂದೆ ಇಡುತ್ತಿದ್ದರು.

ಗದ್ದುಗೆಯ ಕಸ ಗುಡಿಸಲು ಒಬ್ಬನಿದ್ದ. ಹರಕೆಯ ಮಗ, ಅವನ ಹೆಸರೂ ಗುಡ್ಡಯ್ಯ. ಆದರೆ ದೇವರ ಹೆಸರು ಹಿಡಿದು ಕಸ ಗುಡಿಸುವವನನ್ನು ಕರೆಯುವುದು ಹೇಗೆ? ಎಲ್ಲರೂ "ಏ, ಇವನೇ" ಎನ್ನುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಅವನ ಹೆಸರು ಅವನ ಕಿವಿಗೇ ಬಿದ್ದಿರಲಿಲ್ಲ. ಒಮ್ಮೆಯಾದರೂ ಯಾರಾದರೂ ಹೆಸರು ಹಿಡಿದು ಕರೆದಾರೇ ಎಂದು ಅವನ ಜೀವ ಹಂಬಲಿಸುತ್ತಿತ್ತು.

ಸಿಡುಬು ಎದ್ದವರನ್ನು ಆಗ ಊರಾಚೆಯ ಗುಡಿಸಲುಗಳಲ್ಲಿ ಬಿಟ್ಟು ಬರುತ್ತಿದ್ದರು. ಅತ್ತ ಕಾಲಿಟ್ಟವನು ಗದ್ದುಗೆ ಮುಟ್ಟುವಂತಿರಲಿಲ್ಲ. ಗುಡ್ಡಯ್ಯ ಯಾರಿಗೂ ಹೇಳದೆ ಹೋಗಿ ಅವರಿಗೆ ಗಂಜಿ ಕುಡಿಸಿ ಬರುತ್ತಿದ್ದ. ದಾರಿಯೆಲ್ಲ ಜಾಲಿಮುಳ್ಳು. ಒಂದು ದಿನ ಗದ್ದುಗೆಗೆ ಕೈಮುಗಿದು, "ನಿನಗೇನಪಾ, ಹುಲಿ ಐತಿ. ನನ್ನ ಕಾಲು ನೋಡು" ಎಂದು ಅಲ್ಲಿದ್ದ ಮೆಟ್ಟು ಮೆಟ್ಟಿಕೊಂಡ. ಬಂದ ಮೇಲೆ ಇದ್ದ ಜಾಗದಲ್ಲೇ ಇಟ್ಟ. ಅದೇ ರೂಢಿಯಾಯಿತು.

ಗುಡಿಸಲಲ್ಲಿದ್ದವರ ಕಣ್ಣು ಬಾತು ಮುಚ್ಚಿಹೋಗಿರುತ್ತಿದ್ದವು. ಮೆಟ್ಟಿನ ಸಪ್ಪಳ ಕೇಳಿ "ಯಾರಪಾ?" ಎನ್ನುತ್ತಿದ್ದರು. ಅವನು "ಗುಡ್ಡಯ್ಯ" ಎನ್ನುತ್ತಿದ್ದ. ಹಾಗೆನ್ನುವಾಗ ಅವನಿಗೆ ತುಂಬ ಸಂತೋಷವಾಗುತ್ತಿತ್ತು.

ವರ್ಷ ತುಂಬಿತು. ಹೊಸ ಮೆಟ್ಟು ತಂದವರು ಹಳೆಯದರ ಅಟ್ಟೆ ಸವೆದದ್ದು ಕಂಡು ಬೆರಗಾದರು. ಸುದ್ದಿ ಹಬ್ಬಿ ಗುಡ್ಡವೆಲ್ಲ ಜನವಾಯಿತು. ಸಿಡುಬಿನಿಂದ ಬದುಕಿ ಬಂದ ಹೆಂಗಸೊಬ್ಬಳು ಸವೆದ ಮೆಟ್ಟನ್ನು ಕಣ್ಣಿಗೊತ್ತಿಕೊಂಡು ಗೊಳೋ ಎಂದು ಅತ್ತಳು. "ನಮ್ಮಪ್ಪ ಗುಡ್ಡಯ್ಯ ತಾನಾಗೇ ಬಂದು ಗಂಜಿ ಕುಡಿಸ್ಯಾನ. ಹೆಸರೂ ಹೇಳ್ಯಾನ" ಎಂದಳು.

ಕಸ ಗುಡಿಸುತ್ತಿದ್ದವನು ಪೊರಕೆ ಕೆಳಗಿಟ್ಟ. ಹತ್ತಿರ ಹೋಗಿ, "ಯವ್ವಾ, ನನ್ನ ಹೆಸರೂ ಗುಡ್ಡಯ್ಯ" ಎಂದ.

ಅವಳು ಅಳುವಿನ ನಡುವೆಯೇ ನಕ್ಕಳು. "ಹೆಸರಿಟ್ಟ ಮಾತ್ರಕ್ಕ ಅವನಾಗ್ತಿಯೇನೋ? ಹೋಗು, ಹೂವು ಬಾಡ್ಯಾವ, ತೆಗಿ."

ಅವನು ಹೂವು ತೆಗೆದ. ಅಷ್ಟು ಜನರ ನಡುವೆ ಅವನಷ್ಟು ಒಂಟಿ ಇನ್ನೊಬ್ಬರಿರಲಿಲ್ಲ. ಮರುದಿನ ಹೊಸ ಮೆಟ್ಟು ಮೆಟ್ಟಿಕೊಂಡು ಮತ್ತೆ ಗುಡಿಸಲುಗಳ ದಾರಿ ಹಿಡಿದ.

ಹೀಗೆ ಮೂವತ್ತು ಜೊತೆ ಸವೆದವು. ಆಮೇಲೆ ಅವನ ಮೊಣಕಾಲು ಹಿಡಿದುಕೊಂಡವು, ಗುಡ್ಡ ಇಳಿಯಲಾಗಲಿಲ್ಲ. ಆ ವರ್ಷ ಮೆಟ್ಟು ಇಟ್ಟದ್ದು ಇಟ್ಟ ಹಾಗೇ ಇತ್ತು. ಗುಡ್ಡಯ್ಯ ಮುನಿದಿದ್ದಾನೆ, ಈ ಮುದುಕನ ಸೇವೆಯಲ್ಲೇ ಏನೋ ಮೈಲಿಗೆಯಾಗಿದೆ ಎಂದು ಊರವರು ಅವನನ್ನು ಹೊರಹಾಕಿದರು. ಅವನು ತೆವಳಿಕೊಂಡು ಊರಾಚೆಗೆ ಹೋಗಿ ಖಾಲಿ ಬಿದ್ದಿದ್ದ ಒಂದು ಗುಡಿಸಲು ಸೇರಿದ. ಕೆಲವು ದಿನಕ್ಕೆ ಅಲ್ಲೇ ಸತ್ತ. ಕೊನೆವರೆಗೂ ಯಾರೂ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ.

ಶಿಷ್ಯನ ಕಣ್ಣು ತುಂಬಿಬಂದವು. "ನಿಜವಾದ ಗುಡ್ಡಯ್ಯ ಯಾರೆಂದು ಆ ಊರಿಗೆ ಮುಂದೆಂದಾದರೂ ತಿಳಿಯಿತೇ, ಗುರುಗಳೇ?"

"ನೀನೂ ಅದನ್ನೇ ಕೇಳಿದೆ, ಅವನು ಗುಡ್ಡ ಇಳಿಯಲಾರದೆ ಹೋದ ಆ ವರ್ಷ ಗುಡಿಸಲುಗಳಲ್ಲಿ ಮಲಗಿದ್ದವರಿಗೆ ಗಂಜಿ ಯಾರು ಕುಡಿಸಿದರೆಂದು ಕೇಳಲಿಲ್ಲ" ಎಂದರು ಗುರುಗಳು.