ಘಾಟಿಯ ತಿರುವು

ಘಾಟಿಯ ನೆತ್ತಿಯಲ್ಲಿ ಗಾಡಿ ನಿಲ್ಲಿಸಿದವನು ಹೆಂಡ ಕುಡಿದು ಗಾಡಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ಅವನು ಮಡಕೆಯಲ್ಲಿ ಉಳಿಸಿದ್ದನ್ನು ನೊಗದಲ್ಲಿದ್ದ ಎಳೆಯ ಹೋರಿ ಹೀರಿಬಿಟ್ಟು, ಮೇಲೆ ಪಕ್ಕದ ತೊಟ್ಟಿಯ ನೀರನ್ನೂ ಕುಡಿಯಿತು.

"ನಡೆಯೋ ಮುದಿ ಎತ್ತೇ, ಹೊರಡೋಣ. ನೀರು ಕುಡಿದೆ, ಅಮಲು ಇಳಿಯಿತು," ಎಂದಿತು.

ಜೊತೆಯ ಮುದಿ ಎತ್ತಿಗೆ ಇಂಥ ಮಾತು ಕೇಳಿ ಕೇಳಿ ಸಾಕಾಗಿತ್ತು. "ಇಳಿಯಿತು ಎನ್ನುತ್ತಿರುವುದು ನೀನೋ, ಹೆಂಡವೋ?"

"ದಾರಿ ನೆಟ್ಟಗಿದೆ. ಇನ್ನೆಷ್ಟು ಹೊತ್ತು ಕಾಯಬೇಕು?"

ಮುದಿ ಎತ್ತು ನೊಗದ ಸಮೇತ ಮಂಡಿಯೂರಿ ಮಲಗಿಬಿಟ್ಟಿತು. ಒಂಟಿಯಾಗಿ ಗಾಡಿ ಎಳೆಯಲಾಗದ ಹೋರಿ ಬೈದು ಬೈದು, ಕೊನೆಗೆ ನಿದ್ದೆಹೋಯಿತು.

ಹೊತ್ತು ಇಳಿದ ಮೇಲೆ ಎಚ್ಚೆತ್ತ ಹೋರಿ ಇಳಿಜಾರಿನತ್ತ ನೋಡಿ ಕೂಗಿಕೊಂಡಿತು.

"ಅಜ್ಜಾ, ಅಲ್ಲಿ ತಿರುವಿದೆಯಲ್ಲ! ಕೆಳಗೆ ಬರೀ ಪ್ರಪಾತ!"

"ಆಗಲೂ ಇತ್ತು. ಇನ್ನೂ ಸ್ವಲ್ಪ ಹೊತ್ತು ಮಲಗು," ಎಂದು ಮುದಿ ಎತ್ತು ಕಣ್ಣು ಮುಚ್ಚಿತು.