ಸಿಹಿ ಉಂಡ ನೆಲಬೇವು

ಭಗವಂತನ ಸೃಷ್ಟಿಯಲ್ಲಿ ಸೊಕ್ಕಿಗೂ ಒಂದು ಜಾಗ ಬೇಕಲ್ಲ, ಆ ಸಲ ಅದು ಪ್ರಯೋಗಾಲಯದ ಗಾಜಿನ ಸೀಸೆಯೊಂದರಲ್ಲಿ ಬೇರು ಬಿಟ್ಟಿತ್ತು. ಸಕ್ಕರೆ ಬೆರೆಸಿದ ಆಹಾರ ಉಂಡು ಅಲ್ಲಿ ಬೆಳೆದ ನೆಲಬೇವಿನ ಸಸಿಗೆ, ಕಿಟಕಿಯಾಚೆ ಕುಂಡದಲ್ಲಿದ್ದ ನೆಲಬೇವನ್ನು ಕಂಡರೆ ಹೇಸಿಗೆ.

“ಮೈಯೆಲ್ಲ ಹುಳು ಕಚ್ಚಿದ ತೂತು. ನಿನ್ನಿಂದಲೂ ಔಷಧ ಮಾಡುತ್ತಾರೆಯೇ?” ಎಂದಿತು ಸಸಿ.

“ಹುಳು ಕಚ್ಚಿದಷ್ಟೂ ನಾನು ಕಹಿಯಾಗುತ್ತೇನೆ, ತಂಗಿ. ಆ ಕಹಿಯೇ ಔಷಧ. ನಿನ್ನಲ್ಲಿ ಎಷ್ಟಿದೆ?”

“ಕಹಿಯೇ? ಸಿಹಿ ಉಂಡು ಬೆಳೆದವಳನ್ನು ಕೇಳುವ ಮಾತೇ ಇದು?”

ಅಂದೇ ಸಂಶೋಧಕಿ ವಾರಿಜಾಕ್ಷಿ ಸಸಿಯ ಎಲೆಯೊಂದನ್ನು ಅರೆದು ಪರೀಕ್ಷಿಸಿದರು. “ಬರೀ ಹುಲ್ಲು,” ಎಂದರು. “ಕಹಿ ಕಟ್ಟದಿದ್ದರೆ ಇದನ್ನು ಬಿಸಾಡಿ ಸೀಸೆ ತೊಳೆಯಬೇಕಷ್ಟೆ. ಸ್ವಲ್ಪ ಕಷ್ಟ ಕೊಟ್ಟು ನೋಡೋಣ.” ಬೂಷ್ಟನ್ನು ಕುದಿಸಿ ಸೋಸಿದ ರಸವನ್ನು ಸೀಸೆಗೆ ಬಿಟ್ಟರು.

ಬೂಷ್ಟೇ ಮೈಮೇಲೆ ಬಂತೆಂದು ಸಸಿ ಗಡಗಡ ನಡುಗಿತು. ಸೀಸೆಯೊಳಗೆ ಈತನಕ ಅದಕ್ಕೆ ದೇವರ ಅಗತ್ಯವೇ ಬಿದ್ದಿರಲಿಲ್ಲ. ಈಗ, “ಸ್ವಾಮೀ, ಹೇಗಾದರೂ ಕಾಪಾಡಪ್ಪಾ,” ಎಂದು ಮೊರೆಯಿಟ್ಟಿತು.

ದಯಾಮಯನಾದ ಸ್ವಾಮಿ ಕಾಪಾಡಿದ. ವಾರ ಕಳೆಯುವುದರೊಳಗೆ ಸಸಿ ಎಲೆಯಿಂದ ಬೇರಿನವರೆಗೂ ಕಹಿಯಾಗಿತ್ತು.