ಸಾಲಿನ ಕೊನೆಯ ಗಿಡ

ಪೂಜ್ಯ ಹೊನ್ನಾಂಬೆ ತಾಯಿಯವರು ನಂದಿಬೆಟ್ಟದ ಆಚೆ, ಎರಡಂಕಣದ ಹೆಂಚಿನ ಆಶ್ರಮದಲ್ಲಿ ನೆಲೆಸಿದ್ದ ಕಾಲವದು. ದರ್ಶನಕ್ಕೆಂದು ಪೀಠವಿರಲಿಲ್ಲ. ಬಾವಿಕಟ್ಟೆಯ ಮೇಲೆ ಕುಳಿತು, ಸೊಪ್ಪು ಸೋಸುತ್ತಲೇ ಬಂದವರ ಕಷ್ಟ ಕೇಳುತ್ತಿದ್ದರು.

ಒಂದು ಬೆಳಿಗ್ಗೆ, ಗುಲಾಬಿ ಸಸಿ ಬೆಳೆಸಿ ಮಾರುವ ಬಚ್ಚಣ್ಣ ಹೆಂಡತಿ ಅಕ್ಕಯಮ್ಮನೊಡನೆ ಬಂದ. ಅವನಿಗೆ ಸಾಧುಸಂತರಲ್ಲಿ ಮೊದಲೇ ನಂಬಿಕೆ ಕಡಿಮೆ. ಒಬ್ಬಳೇ ಮಗಳು ಸುಗುಣ ಜ್ವರದಲ್ಲಿ ತೀರಿಕೊಂಡ ಮೇಲೆ ಅಷ್ಟೂ ಉಳಿದಿರಲಿಲ್ಲ. ಕಂಕುಳಲ್ಲಿದ್ದ ಕುಂಡದಲ್ಲಿ, ಬೇರೆಲ್ಲೂ ಇಲ್ಲದ ಒಂದು ಗುಲಾಬಿ: ಅಂಚಿಗೆ ಕೆಂಪು ಸವರಿದ ಹಾಲುಬಣ್ಣದ ಹೂವು.

ಹೊಸ ಗುಲಾಬಿಗೆ ಹೆಸರಿಡುವ ಹಕ್ಕು ಅದನ್ನು ಬೀಜದಿಂದ ಎಬ್ಬಿಸಿದವನದು. ಹೆಸರಿಡದೆ ಅದರ ಕಣ್ಣು, ಎಂದರೆ ಕೊಂಬೆಯ ಮೇಲಿನ ಚಿಗುರುಗಂಟು, ತೆಗೆದು ಇನ್ನೊಂದು ಗಿಡಕ್ಕೆ ಕಸಿ ಕಟ್ಟುವ ವಾಡಿಕೆ ಸಸಿ ಬೆಳೆಸುವವರಲ್ಲಿಲ್ಲ. ಬಚ್ಚಣ್ಣ ಹೆಸರಿಟ್ಟಿರಲಿಲ್ಲ. ಇದ್ದದ್ದೊಂದೇ ಗಿಡ, ಅದರ ಕೊಂಬೆಗಳೂ ತುದಿಯಿಂದ ಒಣಗುತ್ತ ಬರುತ್ತಿದ್ದವು.

"ಹೆಸರು ನೀವೇ ಇಡಬೇಕಂತೆ, ಇವಳ ಹಟ," ಎಂದ ಬಚ್ಚಣ್ಣ. "ನಿಮ್ಮದೇ ಇಟ್ಟುಬಿಡಿ. ವ್ಯಾಪಾರವಾದ್ರೂ ಆಗ್ತದೆ."

ತಾಯಿಯವರು ನಕ್ಕರು. "ನನ್ನ ಹೆಸರಿಟ್ಟರೆ ಹೂವಿಗೆ ಮುಪ್ಪು ಬರ್ತದೆ ಕಣಪ್ಪ. ಈಗ ಏನಂತೀರಿ ಇದನ್ನ?"

"ಸಾಲಿನ ಕೊನೇದು ಅಂತೀವಿ."

"ಸುಗುಣ ಅಂತಿಡಿ ಅಂದ್ರೆ ಎದ್ದು ಹೋಗ್ತಾರೆ ತಾಯಿ," ಎಂದಳು ಅಕ್ಕಯಮ್ಮ. "ಮನೇಲಿ ಆ ಹೆಸರು ಎತ್ತಂಗೇ ಇಲ್ಲ."

ಬಚ್ಚಣ್ಣನಿಗೆ ರೇಗಿತು. "ತೋಟದ ಮಾತು ನಿಮಗೇನು ಗೊತ್ತು ತಾಯಿ? ಇಟ್ಟ ಹೆಸರನ್ನೇ ಆಳುಗಳು ದಿನವಿಡೀ ಕೂಗೋದು. ಸುಗುಣಂಗೆ ಬೂದಿರೋಗ ಬಂದಿದೆ, ಸುಗುಣನ್ನ ಕಿತ್ತು ತಿಪ್ಪೆಗೆ ಹಾಕು ಅಂತಾರೆ. ನಾನು ಅದನ್ನ ಕೇಳ್ಕೊಂಡು ಇರಲಾ?"

ತಾಯಿಯವರ ಕೈ ಸೊಪ್ಪಿನ ಮೇಲೇ ನಿಂತಿತು. ಆಮೇಲೆ ಮೆಲ್ಲನೆ ಕೇಳಿದರು: "ಮಗು ಇದ್ದಾಗ ಅವಳನ್ನ ಯಾರೂ ಬೈತಿರಲಿಲ್ವೇನಪ್ಪ?"

ಅಕ್ಕಯಮ್ಮ ಅಳುವಿನ ನಡುವೆಯೇ ನಕ್ಕುಬಿಟ್ಟಳು. "ಇವರೇ ಬೈತಿದ್ರು! ಈ ಹೂವೇ ಅವಳ ಎಡವಟ್ಟು ತಾಯಿ. ಯಾವುದೋ ಬೆಲೆಬಾಳೋ ಹೂವಿನ ಪರಾಗ ಮುಟ್ಟಿಸಿ ಬಾ ಅಂತ ಕಳಿಸಿದ್ರೆ, ಹಿತ್ತಲ ಪನ್ನೀರು ಗುಲಾಬೀದು ಮುಟ್ಟಿಸಿ, ಗುರುತಿಗೆ ದಾರ ಕಟ್ಟಿ ಬಂದಿದ್ಲು. 'ಸುಗುಣಾ, ಏನೇ ಮಾಡ್ದೆ!' ಅಂತ ಬೀದಿಗೆಲ್ಲ ಕೇಳಂಗೆ ಕೂಗಿದ್ರು. 'ನಿನ್ನ ಹೂವಿಗೆ ವಾಸನೇನೇ ಇಲ್ಲಪ್ಪ, ಅದಕ್ಕೇ ಹಾಕ್ದೆ' ಅಂದ್ಲು, ಘಾಟಿ."

ಬಚ್ಚಣ್ಣ ತಲೆ ತಗ್ಗಿಸಿದ. ಕುಂಡದಿಂದ ಪನ್ನೀರಿನ ಘಮ ಬರುತ್ತಲೇ ಇತ್ತು.

"ಕೂಗದೆ ಇಟ್ಟುಕೊಂಡರೆ ಹೆಸರೂ ಒಣಗ್ತದಪ್ಪ," ಎನ್ನುತ್ತ ತಾಯಿಯವರು ಬೇಲಿಯ ಕಾಡುಗುಲಾಬಿಯತ್ತ ಕೈ ತೋರಿದರು. "ಅದಕ್ಕೆ ಕಸಿ ಕಟ್ಟು."

ಅವನು ಸೊಂಟದ ಚಾಕು ತೆಗೆದ. ಹಸಿರು ಉಳಿದಿದ್ದ ಕೊಂಬೆಯಿಂದ ಒಂದು ಕಣ್ಣನ್ನು ಎಬ್ಬಿಸಿ, ಕಾಡುಗುಲಾಬಿಯ ತೊಗಟೆಯೊಳಗೆ ಕೂರಿಸಿ, ಬಾಳೆನಾರಿನಿಂದ ಬಿಗಿದ. ತಾಯಿಯವರು ಪಕ್ಕದಲ್ಲಿ ನಿಂತು, "ಯಾರಪ್ಪ ಇವಳು?" ಎಂದು ಕೇಳಿದರು.

ನಾರಿನ ಗಂಟನ್ನು ಹಿಡಿದುಕೊಂಡೇ ಬಚ್ಚಣ್ಣ ಮಗಳ ಹೆಸರು ಹೇಳಿದ.

ಕುಂಡದ ಗಿಡ ಆ ಬೇಸಿಗೆ ದಾಟಲಿಲ್ಲ. ಬೇಲಿಯ ಕಸಿ ಚಿಗುರಿತು, ಮೊಗ್ಗು ಬಿಟ್ಟಿತು. ಅದರ ಕಣ್ಣುಗಳು ಊರೂರಿಗೆ ಹೋದವು. ಬಚ್ಚಣ್ಣ ಸೋಮವಾರ ಸೋಮವಾರ ಆಶ್ರಮಕ್ಕೆ ಬಂದು ಗಿಡಗಳಿಗೆ ನೀರು ಸೇದಿ ಹಾಕುವುದನ್ನು ವ್ರತವಾಗಿ ಹಿಡಿದ.

ಅಂಥ ಒಂದು ಸೋಮವಾರ ಅವನಿನ್ನೂ ಬಾವಿಯ ಹತ್ತಿರವಿದ್ದಾಗ ತಾಯಿಯವರು ಬೇಲಿಯಿಂದ ಗಟ್ಟಿಯಾಗಿ ಕೂಗಿದರು: "ಬಚ್ಚಣ್ಣಾ, ಸುಗುಣಂಗೆ ಬಾಯಾರಿದೆ! ಎಲ್ಲಿದ್ದೀಯಪ್ಪ?"

"ಬಂದೆ ತಾಯಿ, ಬಂದೆ!" ಕೊಡ ಹೊತ್ತು ಓಡುತ್ತಲೇ ಅವನೂ ಕೂಗಿದ. "ಅವಳಿಗೆ ಯಾವಾಗಲೂ ಅವಸರ!"